ತೊರೊ: ಸುಶಿಯ ಕೊಬ್ಬಿನ ಟ್ಯೂನಾವನ್ನು ಗುರುತಿಸಿ, ಆರಿಸಿ, ಕತ್ತರಿಸಿ ತಿನ್ನುವ ಸಮಗ್ರ ಮಾರ್ಗದರ್ಶಿ

ಜಪಾನಿಗೆ ಹೋದ ಹೊಸದರಲ್ಲಿ ತೊರೊ ಎಂದರೆ ಒಂದು ಮೀನಿನ ಹೆಸರು ಎಂದೇ ನಾನು ನಂಬಿದ್ದೆ. ಮೆನುವಿನಲ್ಲಿ ಸಾಲ್ಮನ್ ಇದೆ, ಸೀಗಡಿ ಇದೆ, ತೊರೊ ಇದೆ. ಹಾಗಾದರೆ ಅದೂ ಒಂದು ಮೀನೇ ಇರಬೇಕು, ಅಲ್ವಾ? ಒಂದು ಸಂಜೆ ಮನೆ ಹತ್ತಿರದ ಮೀನಂಗಡಿಯ ಹಿರಿಯರನ್ನು ಕೇಳಿದೆ. ಅವರು ಪೊಟ್ಟಣ ಕಟ್ಟುವ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಉದ್ದನೆಯ ಮೀನೊಂದನ್ನು ಬರೆದರು. ಬೆನ್ನು ಹೊಟ್ಟೆ ಬೇರೆಯಾಗುವ ಹಾಗೆ ಉದ್ದಕ್ಕೆ ಒಂದು ಗೆರೆ ಎಳೆದರು. ಮತ್ತೆ ಅಡ್ಡಕ್ಕೆ ಎರಡು ಗೆರೆ. ಕಿವಿರಿನ ಹಿಂದೆ, ಹೊಟ್ಟೆಯ ಕೆಳಗೆ ಪೆನ್ಸಿಲ್ಲನ್ನು ಒರೆಸಿ ಒರೆಸಿ ಕಪ್ಪು ಮಾಡಿ, "ಇದು ತೊರೊ" ಎಂದರು.

ಆ ಕಾಗದ ಇವತ್ತಿಗೂ ನನ್ನ ಹತ್ತಿರ ಇದೆ. ತೊರೊ ಎನ್ನುವುದು ಟ್ಯೂನಾ ಮೀನಿನ ಮೈಯ ಒಂದು ಜಾಗ. ಈ ಮಾತು ತಲೆಗೆ ಹೋದರೆ ಮೆನು ಓದುವುದು, ಅಂಗಡಿಯಲ್ಲಿ ತುಂಡು ಆರಿಸುವುದು, ಮನೆಯಲ್ಲಿ ಕತ್ತರಿಸುವುದು ಎಲ್ಲವೂ ಸಲೀಸು. ನಾನು ಕಲಿತದ್ದನ್ನು ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು ಹೆಸರನ್ನು ಸರಿಯಾಗಿ ಹೇಳೋಣ

ಕನ್ನಡ ಗೊತ್ತಿರುವವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ. ಜಪಾನಿ ಭಾಷೆಯಲ್ಲಿ ಹ್ರಸ್ವ, ದೀರ್ಘ ಬದಲಾದರೆ ಪದವೇ ಬದಲಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ನಮ್ಮಲ್ಲಿ ಒ ಬೇರೆ, ಓ ಬೇರೆ. ಹಾಗಾಗಿ ಕೇಳಿದ ಹಾಗೆಯೇ ಬರೆಯಬಹುದು.

ತೊರೊ: ಎರಡೂ ಅಕ್ಷರ ಹ್ರಸ್ವ. ಓತೊರೊ: ಮೊದಲಿನದು ಮಾತ್ರ ದೀರ್ಘ. ಚೂತೊರೊ: ಇಲ್ಲೂ ಮೊದಲಿನದೇ ದೀರ್ಘ. ತೊರೊದಲ್ಲಿ ಇರುವುದು ನಮ್ಮ ತಲೆ, ತಾಯಿಯ ತ. ಟ ಅಲ್ಲ. ಟೋರೋ ಎಂದು ಎಳೆದು ಹೇಳಿದರೆ ಸುಶಿ (ಅನ್ನದ ಜೊತೆ ಹಸಿ ಮೀನಿನ ತಿನಿಸು) ಮಾಡುವವರಿಗೆ ಅರ್ಥವಾಗುತ್ತದೆ ನಿಜ, ಆದರೆ ಸರಿಯಾಗಿ ಹೇಳಿದಾಗ ಅವರ ಮುಖ ಅರಳುವುದೇ ಬೇರೆ. ಓ ಎಂದರೆ ದೊಡ್ಡದು, ಚೂ ಎಂದರೆ ನಡುವಿನದು. ಟ್ಯೂನಾಗೆ ಮಗುರೊ, ಕೊಬ್ಬಿಲ್ಲದ ಕೆಂಪು ಮಾಂಸಕ್ಕೆ ಅಕಮಿ. ಅಕ ಎಂದರೆ ಕೆಂಪು, ಮಿ ಎಂದರೆ ಮೈ, ಮಾಂಸ.

ಹಂತ 1: ಯಾವ ಮಗುರೊ ಎಂದು ಕೇಳಿ

ಎಲ್ಲ ಟ್ಯೂನಾದಲ್ಲೂ ಒಳ್ಳೆಯ ತೊರೊ ಸಿಗುವುದಿಲ್ಲ. ಬಾಯಲ್ಲಿ ಕರಗುವ ತೊರೊಗೆ ಹೆಸರಾದದ್ದು ಬ್ಲೂಫಿನ್ ಟ್ಯೂನಾ. ಜಪಾನಿಯಲ್ಲಿ ಅದು ಕುರೊ ಮಗುರೊ, ಅಂದರೆ ಕಪ್ಪು ಮಗುರೊ. ಮೀನಂಗಡಿಯವರು ಪ್ರೀತಿಯಿಂದ ಹೊನ್ ಮಗುರೊ ಎನ್ನುತ್ತಾರೆ. ಹೊನ್ ಎಂದರೆ ಅಸಲಿ. ಚಿನ್ನಕ್ಕೂ ಈ ಪದಕ್ಕೂ ಸಂಬಂಧ ಇಲ್ಲ, ಆದರೆ ಬೆಲೆ ಕೇಳಿದರೆ ಕನ್ನಡದ ಹೊನ್ನೇ ನೆನಪಾಗುತ್ತದೆ. ಟೋಕಿಯೊದ ತೊಯೊಸು ಮಾರುಕಟ್ಟೆಯಲ್ಲಿ 2019ರ ಹೊಸ ವರ್ಷದ ಮೊದಲ ಹರಾಜಿನಲ್ಲಿ 278 ಕಿಲೋ ತೂಗುವ ಒಂದೇ ಒಂದು ಮೀನು 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ಅದು ಹಬ್ಬದ ಬೆಲೆ, ದಿನದ ಬೆಲೆ ಖಂಡಿತ ಅಲ್ಲ. ಆ ಮೀನು ಬಂದದ್ದು ಉತ್ತರದ ಅಒಮೊರಿ ಪ್ರಾಂತ್ಯದ ಓಮಾ ಎಂಬ ಊರಿನಿಂದ. ತ್ಸುಗರು ಜಲಸಂಧಿಯ ತಣ್ಣನೆ ನೀರಿನಲ್ಲಿ ಚೆನ್ನಾಗಿ ತಿಂದು ಕೊಬ್ಬಿದ ಮೀನುಗಳು ಅವು. ಚಳಿಗಾಲದಲ್ಲಿ ಅವುಗಳ ರುಚಿ ತುತ್ತತುದಿಯಲ್ಲಿರುತ್ತದೆ.

ಎರಡನೆಯದು ದಕ್ಷಿಣದ ಬ್ಲೂಫಿನ್, ಮಿನಮಿ ಮಗುರೊ. ಇದಕ್ಕೆ ಇಂದೊ ಮಗುರೊ ಎಂಬ ಹೆಸರೂ ಇದೆ. ಇಂದೊ ಎಂದರೆ ಭಾರತವೇ! ಹಿಂದೂ ಮಹಾಸಾಗರದಲ್ಲಿ ಸಿಗುವುದರಿಂದ ಬಂದ ಹೆಸರು. ಹಾಗೆಂದು ನಮ್ಮ ಮಂಗಳೂರು, ಮಲ್ಪೆ ಕಡೆಯ ಮೀನು ಎಂದುಕೊಳ್ಳಬೇಡಿ. ಅದು ಮರಿ ಮಾಡುವುದು ಜಾವಾದ ದಕ್ಷಿಣದ ಸಮುದ್ರದಲ್ಲಿ. ಬೆಳೆಯುವುದು ಇನ್ನೂ ದಕ್ಷಿಣದ ತಂಪು ನೀರಿನಲ್ಲಿ. ಇದರ ತೊರೊ ಹೊನ್ ಮಗುರೊದ ಹತ್ತಿರಕ್ಕೆ ಬರುತ್ತದೆ, ಸ್ವಲ್ಪ ಹೆಚ್ಚು ಸಿಹಿ ಎಂದು ನನಗೆ ಅನಿಸುತ್ತದೆ.

ಮೂರನೆಯದು ಮೆಬಚಿ, ದೊಡ್ಡ ಕಣ್ಣಿನ ಟ್ಯೂನಾ. ಇದರಲ್ಲಿ ಚೂತೊರೊ ಮಟ್ಟಕ್ಕೆ ಕೊಬ್ಬು ಸಿಗುತ್ತದೆ. ತಟ್ಟೆಗಳು ಬೆಲ್ಟಿನ ಮೇಲೆ ಸುತ್ತುವ ಅಗ್ಗದ ಸುಶಿ ಅಂಗಡಿಗಳಲ್ಲಿ ಬರುವುದು ಎಷ್ಟೋ ಸಲ ಇದೇ. ಬಿನ್ನಗ ಎಂಬ ಚಿಕ್ಕ ಟ್ಯೂನಾದ ಹೊಟ್ಟೆಯನ್ನು ಬಿನ್‌ತೊರೊ ಎಂದು ಮಾರುತ್ತಾರೆ. ಬಣ್ಣ ಮಾಸಲು ಗುಲಾಬಿ, ಮಾಂಸ ಮೆತ್ತಗೆ. ಕಡಿಮೆ ದುಡ್ಡಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ತಿಂದು ತೊರೊ ಎಂದರೆ ಇಷ್ಟೇ ಎಂದು ತೀರ್ಮಾನ ಮಾಡಬೇಡಿ. ಕಿಹದ, ಅಂದರೆ ಹಳದಿ ರೆಕ್ಕೆಯ ಟ್ಯೂನಾದಲ್ಲಿ ಹೇಳಿಕೊಳ್ಳುವಂಥ ತೊರೊ ಇಲ್ಲ.

ಹಂತ 2: ಮೀನಿನ ಮೈಯ ನಕ್ಷೆ ಕಲಿಯಿರಿ

ಇಡೀ ವಿಷಯದ ತಿರುಳು ಇಲ್ಲಿದೆ. ನಿಧಾನವಾಗಿ ಓದಿ. ಸಾಧ್ಯವಾದರೆ ಒಂದು ಹಾಳೆಯಲ್ಲಿ ಮೀನು ಬರೆದುಕೊಳ್ಳಿ.

ದೊಡ್ಡ ಮಗುರೊದ ತಲೆ, ಬಾಲ ತೆಗೆದು ಮೊದಲು ಉದ್ದಕ್ಕೆ ಸೀಳುತ್ತಾರೆ. ಒಂದು ಮೀಟರಿಗೂ ಉದ್ದದ, ಕತ್ತಿಯಂಥ ಚಾಕು ಬೇಕು ಇದಕ್ಕೆ. ಎಡಕ್ಕೆ ಬೆನ್ನಿನದೊಂದು, ಹೊಟ್ಟೆಯದೊಂದು. ಬಲಕ್ಕೂ ಹಾಗೇ. ಒಟ್ಟು ನಾಲ್ಕು ಉದ್ದನೆಯ ಭಾಗ, ನಡುವೆ ಬೆನ್ನೆಲುಬು. ಬೆನ್ನಿಗೆ ಸೆ, ಹೊಟ್ಟೆಗೆ ಹರ.

ಆಮೇಲೆ ಒಂದೊಂದನ್ನೂ ಅಡ್ಡಕ್ಕೆ ಮೂರು ಮಾಡುತ್ತಾರೆ. ತಲೆಯ ಕಡೆಯದು ಕಮಿ, ಅಂದರೆ ಮೇಲಿನದು. ನಡುವಿನದು ನಕ. ಬಾಲದ ಕಡೆಯದು ಶಿಮೊ, ಅಂದರೆ ಕೆಳಗಿನದು. ಎರಡನ್ನೂ ಜೋಡಿಸಿದರೆ ಆರು ಹೆಸರು ಹುಟ್ಟುತ್ತವೆ: ಹರಕಮಿ, ಹರನಕ, ಹರಶಿಮೊ, ಸೆಕಮಿ, ಸೆನಕ, ಸೆಶಿಮೊ. ಗಟ್ಟುಹಾಕುವ ಅಗತ್ಯವೇ ಇಲ್ಲ. ಹೊಟ್ಟೆಯೋ ಬೆನ್ನೋ, ತಲೆ ಕಡೆಯೋ ಬಾಲದ ಕಡೆಯೋ, ಇಷ್ಟು ಎರಡು ಪ್ರಶ್ನೆ ಕೇಳಿಕೊಂಡರೆ ಹೆಸರು ತಾನಾಗಿ ಬರುತ್ತದೆ.

ಈಗ ಕೊಬ್ಬು ಎಲ್ಲಿದೆ ನೋಡೋಣ. ಮೀನನ್ನು ಅಡ್ಡಕ್ಕೆ ಕತ್ತರಿಸಿ, ಆ ದುಂಡು ಮುಖವನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಮಾಂಸ ಪದರ ಪದರವಾಗಿ, ಅಡ್ಡಕ್ಕೆ ಹೆಚ್ಚಿದ ಈರುಳ್ಳಿಯ ಹಾಗೆ ಕಾಣುತ್ತದೆ. ನಡುವೆ ಬೆನ್ನೆಲುಬು. ಅದರ ಪಕ್ಕದಲ್ಲಿ ಕಪ್ಪಗೆ, ರಕ್ತ ಕಟ್ಟಿದ ಹಾಗಿರುವ ಮಾಂಸ ಇದೆ, ಅದು ಚಿಯಾಯ್. ವಾಸನೆ ಜಾಸ್ತಿ, ಸುಶಿಗೆ ಬಳಸುವುದಿಲ್ಲ. ಅದರ ಸುತ್ತ ಗಾಢ ಕೆಂಪಿನ ಅಕಮಿ. ಇನ್ನೂ ಹೊರಗೆ, ಚರ್ಮದ ಕಡೆ ಬಂದಂತೆ ಕೆಂಪು ತಿಳಿಯಾಗಿ ಗುಲಾಬಿಗೆ ತಿರುಗುತ್ತದೆ. ಅದು ಚೂತೊರೊ. ಹೊಟ್ಟೆಯ ತುದಿಗೆ, ಕರುಳಿನ ಗೂಡನ್ನು ಸುತ್ತಿಕೊಂಡಿರುವ ಭಾಗಕ್ಕೆ ಬಂದರೆ ಗುಲಾಬಿಗಿಂತ ಬಿಳಿಯೇ ಜಾಸ್ತಿ. ಅದು ಓತೊರೊ.

ಸೂತ್ರ ಇಷ್ಟೇ: ಒಳಗಿನಿಂದ ಹೊರಗೆ ಬಂದಷ್ಟೂ, ಬೆನ್ನಿನಿಂದ ಹೊಟ್ಟೆಗೆ ಇಳಿದಷ್ಟೂ, ಬಾಲದಿಂದ ತಲೆಯ ಕಡೆಗೆ ಹೋದಷ್ಟೂ ಕೊಬ್ಬು ಏರುತ್ತದೆ.

ಇದರಿಂದ ಮೂರು ಸಂಗತಿ ಗೊತ್ತಾಗುತ್ತವೆ. ಒಂದು, ಬೆನ್ನಿನಲ್ಲಿ ಓತೊರೊ ಇರುವುದಿಲ್ಲ. ಬೆನ್ನಿನದು ಅಕಮಿ, ಚರ್ಮದ ಹತ್ತಿರ ಒಂದಿಷ್ಟು ಚೂತೊರೊ. ಎರಡು, ಓತೊರೊ ಬಹುಪಾಲು ಸಿಗುವುದು ಹರಕಮಿಯಲ್ಲಿ, ಸ್ವಲ್ಪ ಹರನಕದಲ್ಲಿ. ಇಡೀ ಮೀನಿನಲ್ಲಿ ಇದು ಚಿಕ್ಕ ಪಾಲು, ಅದಕ್ಕೇ ದುಬಾರಿ. ಮೂರು, ಬಾಲದ ಕಡೆಗೆ ಕೊಬ್ಬು ಕಡಿಮೆ, ನಾರು ಜಾಸ್ತಿ. ಬಾಲ ಬೀಸಿ ಬೀಸಿ ಈಜುವ ಮೀನು, ಅಲ್ಲಿ ಮೈ ಗಟ್ಟಿಯಾಗಲೇಬೇಕು.

ಲೆಕ್ಕದಲ್ಲಿ ನೋಡಬೇಕೆಂದರೆ, ಜಪಾನಿನ ಸರ್ಕಾರಿ ಆಹಾರ ಪಟ್ಟಿಯ ಪ್ರಕಾರ ಕುರೊ ಮಗುರೊದ 100 ಗ್ರಾಂ ಅಕಮಿಯಲ್ಲಿ ಇರುವ ಕೊಬ್ಬು 1.4 ಗ್ರಾಂ. ಅದೇ ಮೀನಿನ ಕೊಬ್ಬಿನ ಭಾಗದ 100 ಗ್ರಾಂನಲ್ಲಿ 27.5 ಗ್ರಾಂ. ಒಂದೇ ಮೈ, ಒಂದೆರಡು ಗೇಣಿನ ಅಂತರ, ಹತ್ತೊಂಬತ್ತು ಪಟ್ಟಿಗೂ ಹೆಚ್ಚು ವ್ಯತ್ಯಾಸ.

ಹಂತ 3: ಚಿಕ್ಕ ಚಿಕ್ಕ ಹೆಸರುಗಳು

ಓತೊರೊ, ಚೂತೊರೊ, ಅಕಮಿ ಮೂರೂ ಗೊತ್ತಾದರೆ ಕೆಲಸ ನಡೆಯುತ್ತದೆ. ಆದರೆ ಒಳ್ಳೆಯ ಅಂಗಡಿಗೆ ಹೋದರೆ ಇನ್ನೂ ಕೆಲವು ಮಾತು ಕಿವಿಗೆ ಬೀಳುತ್ತವೆ. ನನಗೆ ಇವುಗಳ ಮೇಲೆ ತುಂಬ ಪ್ರೀತಿ, ಯಾಕೆಂದರೆ ಒಂದೊಂದೂ ಕಣ್ಣಿಗೆ ಕಟ್ಟುವ ಹಾಗಿದೆ.

ಓತೊರೊದಲ್ಲೇ ಎರಡು ಬಗೆ. ಬಿಳಿ ನಾರಿನ ಪಟ್ಟೆಗಳು ಸಾಲಾಗಿ, ಮಡಿಕೆ ಮಡಿಕೆಯಾಗಿ ಕಾಣುವುದು ಜಬರ. ಪದದ ಅರ್ಥ ಹಾವಿನ ಹೊಟ್ಟೆ. ತಿದಿಯ ಮಡಿಕೆಗೂ ಜಪಾನಿನಲ್ಲಿ ಇದೇ ಪದ. ಹಾರ್ಮೋನಿಯಂ ಹಿಂಭಾಗದ ತಿದಿಯನ್ನು ನೆನಪು ಮಾಡಿಕೊಳ್ಳಿ, ಥೇಟ್ ಹಾಗೇ ಇರುತ್ತದೆ. ಇನ್ನೊಂದು ಶಿಮೊಫುರಿ, ಅಂದರೆ ಮಂಜಿನ ಹುಡಿ ಉದುರಿದ ಹಾಗಿರುವುದು. ಇದರಲ್ಲಿ ದಪ್ಪ ಪಟ್ಟೆಗಳಿಲ್ಲ. ಗುಲಾಬಿ ಮಾಂಸದ ಮೇಲೆಲ್ಲ ಕೊಬ್ಬು ಸಣ್ಣ ಸಣ್ಣ ಚುಕ್ಕಿಯಾಗಿ ಹರಡಿರುತ್ತದೆ. ಜಬರದಲ್ಲಿ ಕೊಬ್ಬು ಜಾಸ್ತಿ, ನಾರೂ ಇರುತ್ತದೆ. ಶಿಮೊಫುರಿ ಸುಮ್ನೆ ಬಾಯಲ್ಲಿ ಇಟ್ಟರೆ ಸಾಕು.

ಕಮತೊರೊ ಕಿವಿರಿನ ಹಿಂದಿನ ಮೂಳೆಯ ಹತ್ತಿರದ ತುಂಡು. ಮೀನಿಗೆ ಎರಡೇ ಎರಡು ಕಡೆ ಸಿಗುತ್ತದೆ, ಬಲಕ್ಕೊಂದು ಎಡಕ್ಕೊಂದು. ನೋತೆನ್ ತಲೆಯ ನೆತ್ತಿಯ ಮಾಂಸ, ಹೊಹೊನಿಕು ಕೆನ್ನೆಯದು. ಇವೆರಡೂ ಅಂಗಡಿಗೆ ಬರುವುದು ಅಪರೂಪ, ಕಂಡರೆ ಬಿಡಬೇಡಿ.

ನಕಒಚಿ ಬೆನ್ನೆಲುಬಿನ ಸಂದಿಯಲ್ಲಿ ಉಳಿದ ಮಾಂಸ. ಚಮಚದಿಂದ ಕೆರೆದು ತೆಗೆಯುತ್ತಾರೆ. ನೆಗಿತೊರೊ ಎಂಬ ಹೆಸರು ಎಲ್ಲರಿಗೂ ಗೊತ್ತು. ಕೆರೆದ ಕೊಬ್ಬಿನ ಮಾಂಸಕ್ಕೆ ಸಣ್ಣಗೆ ಹೆಚ್ಚಿದ ಈರುಳ್ಳಿಸೊಪ್ಪು ಹಾಕಿ ಕೊಡುವುದು. ನೆಗಿ ಎಂದರೆ ಈರುಳ್ಳಿಸೊಪ್ಪೇ ಹೌದು. ಆದರೆ ಹೆಸರು ಬಂದದ್ದು ಕೆರೆದು ತೆಗೆಯುವುದಕ್ಕೆ ಕಟ್ಟಡದ ಕೆಲಸಗಾರರು ಬಳಸುತ್ತಿದ್ದ ನೆಗಿತೊರು ಎಂಬ ಮಾತಿನಿಂದ ಎಂದು ಹೇಳುವವರೂ ಇದ್ದಾರೆ. ಒಂದು ಎಚ್ಚರಿಕೆ: ಸೂಪರ್ ಮಾರ್ಕೆಟ್ಟಿನಲ್ಲಿ ಅಗ್ಗಕ್ಕೆ ಸಿಗುವ ನೆಗಿತೊರೊ ಪೊಟ್ಟಣದಲ್ಲಿ ಎಷ್ಟೋ ಸಲ ಕೊಬ್ಬಿಲ್ಲದ ಟ್ಯೂನಾಗೆ ಅಡುಗೆ ಎಣ್ಣೆ ಬೆರೆಸಿರುತ್ತಾರೆ. ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಅದನ್ನು ಬರೆದಿರುತ್ತಾರೆ. ಓದಿ ಕೊಳ್ಳಿ.

ಬೇಡದ ಭಾಗಕ್ಕೆ ಬೆಲೆ ಬಂದದ್ದು ಹೇಗೆ

ಇಷ್ಟು ಬೆಲೆಬಾಳುವ ಈ ಭಾಗವನ್ನು ಎದೊ ಕಾಲದಲ್ಲಿ (1603ರಿಂದ 1868) ಯಾರೂ ಕೇಳುತ್ತಿರಲಿಲ್ಲ. ಬೆಕ್ಕು ಕೂಡ ಮೂಸದೆ ದಾಟಿ ಹೋಗುತ್ತದೆ ಎಂಬ ಅರ್ಥದ ಮಾತೇ ಇತ್ತು, ನೆಕೊಮತಗಿ ಎಂದು. ಕಾರಣ ಸರಳ. ಐಸ್ ಇಲ್ಲದ ಕಾಲ. ಅಕಮಿಯನ್ನು ಸೋಯಾ ಸಾಸಿನಲ್ಲಿ ನೆನೆಸಿ ಇಡಬಹುದಿತ್ತು, ಅದಕ್ಕೆ ಜುಕೆ ಎಂದು ಹೆಸರು. ಕೊಬ್ಬಿನ ಮಾಂಸದೊಳಗೆ ಸೋಯಾ ಇಳಿಯುವುದಿಲ್ಲ, ಹಾಗಾಗಿ ಅದು ಬೇಗ ಕೆಡುತ್ತಿತ್ತು. ಬಡವರು ಅದನ್ನು ನೆಗಿ ಜೊತೆ ಕುದಿಸಿ ನೆಗಿಮ ನಬೆ ಮಾಡಿಕೊಳ್ಳುತ್ತಿದ್ದರು.

ತೊರೊ ಎಂಬ ಹೆಸರೂ ಹಳೆಯದಲ್ಲ. ಮೊದಲು ಅದಕ್ಕೆ ಅಬು ಎನ್ನುತ್ತಿದ್ದರು, ಎಣ್ಣೆ ಕೊಬ್ಬು ಎಂಬ ಅರ್ಥದ ಅಬುರ ಪದದ ತುಂಡು ಅದು. ಟೋಕಿಯೊದ ನಿಹೊಂಬಾಶಿಯಲ್ಲಿ 1879ರಲ್ಲಿ ಶುರುವಾದ ಯೊಶಿನೊ ಸುಶಿ ಅಂಗಡಿಯಲ್ಲಿ, ತೈಶೋ ದೊರೆಯ ಕಾಲದಲ್ಲಿ (1912ರಿಂದ 1926), ಒಬ್ಬ ಗಿರಾಕಿ ಇದು ಬಾಯಲ್ಲಿ ತೊರೊ ಎಂದು ಕರಗುತ್ತದೆ, ಹಾಗೇ ಕರೆಯೋಣ ಎಂದರಂತೆ. ಕನ್ನಡದಲ್ಲಿ ಬೆಣ್ಣೆ ಜಾರಿದ ಹಾಗೆ ಎನ್ನುತ್ತೇವಲ್ಲ, ಅಂಥದ್ದೇ ಒಂದು ಅನುಕರಣ ಪದ. ಆಮೇಲೆ ಫ್ರಿಜ್ ಬಂತು, ಮೈನಸ್ 60 ಡಿಗ್ರಿಯಲ್ಲಿ ಮೀನನ್ನು ಹಿಡಿದ ಹಡಗಿನಲ್ಲೇ ಗಟ್ಟಿ ಮಾಡುವ ಯಂತ್ರಗಳು ಬಂದವು. ಅಲ್ಲಿಂದ ಕೊಬ್ಬಿನ ಭಾಗಕ್ಕೆ ಬೆಲೆ ಬಂತು.

ಹಂತ 4: ಅಂಗಡಿಯ ಚೀಟಿ ಓದುವುದು

ಜಪಾನಿನಲ್ಲಿ ಇರುವವರಿಗೆ, ಪ್ರವಾಸ ಹೋಗುವವರಿಗೆ ಇದು. ಜಪಾನಿ ಓದಲು ಬಾರದಿದ್ದರೂ ನಾಲ್ಕು ಅಕ್ಷರ ಗುರುತು ಹಿಡಿದರೆ ಸಾಕು. ತೊ ಅಕ್ಷರ ನೆಟ್ಟಗಿನ ಗೆರೆ, ಅದರ ಬಲಕ್ಕೆ ಪುಟ್ಟ ಓರೆಗೆರೆ. ರೊ ಖಾಲಿ ಚೌಕ. ಇವೆರಡಕ್ಕೂ ಮೊದಲು ಕೈ ಚಾಚಿ ಕಾಲು ಅಗಲಿಸಿ ನಿಂತ ಮನುಷ್ಯನಂಥ ಅಕ್ಷರ ಇದ್ದರೆ ಅದು ಓತೊರೊ. ಚಪ್ಪಟೆ ಪೆಟ್ಟಿಗೆಯ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಹಾದುಹೋಗಿದ್ದರೆ ಚೂತೊರೊ.

ಚೀಟಿಯಲ್ಲಿ ಇನ್ನೂ ಎರಡು ಮಾತು ನೋಡಿ. ಒಮ್ಮೆ ಗಟ್ಟಿ ಮಾಡಿ ಕರಗಿಸಿದ್ದಾದರೆ ಕೈತೋ ಎಂದೂ, ಸಾಕಿದ ಮೀನಾದರೆ ಯೋಶೊಕು ಎಂದೂ ಬರೆಯಲೇಬೇಕೆಂಬ ನಿಯಮ ಅಲ್ಲಿದೆ. ಯಾವತ್ತೂ ಗಟ್ಟಿ ಮಾಡದ ಮೀನಿಗೆ ನಮ ಎನ್ನುತ್ತಾರೆ, ಸಮುದ್ರದಲ್ಲಿ ತಾನೇ ಬೆಳೆದದ್ದಕ್ಕೆ ತೆನ್ನೆನ್. ಕೈತೋ ಎಂದರೆ ಕಳಪೆ ಎಂದುಕೊಳ್ಳಬೇಡಿ. ಹಡಗಿನಲ್ಲೇ ಚೆನ್ನಾಗಿ ಗಟ್ಟಿ ಮಾಡಿದ ಮೀನು, ಮೂರು ನಾಲ್ಕು ದಿನ ಅಲೆದ ನಮ ಮೀನಿಗಿಂತ ಎಷ್ಟೋ ಸಲ ಮೇಲು.

ಸಾಕಿದ ಮೀನಿನ ಬಗ್ಗೆಯೂ ಒಂದು ಮಾತು. ಬಲೆಯ ಗೂಡಿನಲ್ಲಿ ಹೊಟ್ಟೆ ತುಂಬ ತಿಂದು ಬೆಳೆಯುವುದರಿಂದ ಅದರಲ್ಲಿ ತೊರೊ ಜಾಸ್ತಿ ಸಿಗುತ್ತದೆ. ಕಿಂಕಿ ವಿಶ್ವವಿದ್ಯಾಲಯದವರು 2002ರಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗೆ ಪೂರ್ತಿ ಸಾಕಣೆಯಲ್ಲೇ ಕುರೊ ಮಗುರೊ ಬೆಳೆಸಿ ತೋರಿಸಿದರು. ದೊಡ್ಡ ಸಾಧನೆ ಅದು. ರುಚಿಯಲ್ಲಿ ಮಾತ್ರ, ಸಾಕಿದ ಮೀನಿನ ಕೊಬ್ಬು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಅಂಟಿಕೊಂಡೇ ಇರುತ್ತದೆ. ತೆನ್ನೆನ್ ಮೀನಿನದು ಕರಗಿ ಹೋಗುತ್ತದೆ, ಹಿಂದೆ ಅಕಮಿಯ ಹುಳಿ ಉಳಿಯುತ್ತದೆ. ನನಗೆ ಆ ಹುಳಿ ಬೇಕು.

ಮನೆಗೆ ಕೊಳ್ಳುವಾಗ ಸಿಗುವ ಆಯತದ ತುಂಡಿಗೆ ಸಕು ಎಂದು ಹೆಸರು. ಆರಿಸುವಾಗ ಮೂರು ವಿಷಯ ನೋಡಿ. ಬಿಳಿ ನಾರಿನ ಗೆರೆಗಳು ದೂರ ದೂರ, ಒಂದಕ್ಕೊಂದು ಸಮನಾಗಿ ಓಡುತ್ತಿರಬೇಕು. ಅರ್ಧಚಂದ್ರದ ಹಾಗೆ ಬಾಗಿ ಒತ್ತೊತ್ತಾಗಿದ್ದರೆ ಅದು ಬಾಲದ ಕಡೆಯದು, ಅಗಿಯಬೇಕಾಗುತ್ತದೆ. ತಟ್ಟೆಯಲ್ಲಿ ಕೆಂಪು ನೀರು ನಿಂತಿರಬಾರದು. ಅಂಚು ಕಂದು ತಿರುಗಿರಬಾರದು.

ಹಂತ 5: ಸುಶಿ ಅಂಗಡಿಯಲ್ಲಿ ಕೇಳುವುದು

ಒಮಕಸೆ ಎಂದರೆ ನಿಮಗೆ ಬಿಟ್ಟದ್ದು ಎಂದು. ಸುಶಿ ಮಾಡುವವರೇ ಕ್ರಮ ನೋಡಿ ಕೊಡುತ್ತಾರೆ. ಒಕೊನೊಮಿ ಎಂದರೆ ನಮಗೆ ಬೇಕಾದ್ದನ್ನು ಒಂದೊಂದಾಗಿ ಕೇಳುವುದು. ಹಾಗೆ ಕೇಳುವಾಗ "ಚೂತೊರೊ ಒನೆಗಾಯ್ ಶಿಮಸು" ಎಂದರೆ ಸಾಕು, ಮರ್ಯಾದೆಯಿಂದ ಕೇಳಿದ ಹಾಗಾಗುತ್ತದೆ.

ಮೊದಲು ಅಕಮಿ, ಆಮೇಲೆ ಚೂತೊರೊ, ಕೊನೆಗೆ ಓತೊರೊ. ಈ ಕ್ರಮ ಬಿಡಬೇಡಿ. ಓತೊರೊ ಮೊದಲು ತಿಂದರೆ ನಾಲಿಗೆಯ ಮೇಲೆ ಕೊಬ್ಬು ಹರಡಿ ಅಕಮಿಯ ರುಚಿಯೇ ಗೊತ್ತಾಗುವುದಿಲ್ಲ. ಅಂಗಡಿಯ ಮಟ್ಟ ತಿಳಿಯಬೇಕಾದರೆ ಅಕಮಿಯನ್ನೇ ನೋಡಬೇಕು ಎಂದು ನನ್ನ ಅನುಭವ. ಕೊಬ್ಬು ಎಷ್ಟೋ ತಪ್ಪು ಮುಚ್ಚುತ್ತದೆ, ಅಕಮಿ ಏನನ್ನೂ ಮುಚ್ಚುವುದಿಲ್ಲ. ಒಂದೇ ಒಂದು ತುಂಡಿಗೆ ದುಡ್ಡಿದ್ದರೆ ಚೂತೊರೊ ಕೇಳಿ. ಅದರಲ್ಲಿ ಎರಡೂ ಇದೆ, ಮಾಂಸದ ರುಚಿಯೂ ಕೊಬ್ಬಿನ ಸಿಹಿಯೂ.

ತೊರೊತಕು ಎಂಬ ಸುರುಳಿಯೂ ಇರುತ್ತದೆ. ಕೊಬ್ಬಿನ ಮಾಂಸದ ಜೊತೆ ಮೂಲಂಗಿ ಉಪ್ಪಿನಕಾಯಿ, ತಕುಆನ್. ಮೆತ್ತಗಿನ ಮೀನು, ಕರುಂ ಎನ್ನುವ ಮೂಲಂಗಿ. ಊಟದ ಕೊನೆಗೆ ಬಹಳ ಹಿತ.

ಬೇರೆ ದೇಶಗಳಲ್ಲಿ, ನಮ್ಮ ಬೆಂಗಳೂರಿನಲ್ಲೂ, ಒಂದು ಎಚ್ಚರ ಬೇಕು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯಂಥ ಹೊಳೆಯುವ ಗುಲಾಬಿ ಬಣ್ಣದ ಟ್ಯೂನಾ ಕಂಡರೆ ಅನುಮಾನ ಪಡಿ. ಕಾರ್ಬನ್ ಮೊನಾಕ್ಸೈಡ್ ಅನಿಲ ಹಾಯಿಸಿದರೆ ಮೀನು ಹಳತಾದರೂ ಬಣ್ಣ ಮಾಸುವುದಿಲ್ಲ. ಜಪಾನಿನಲ್ಲಿ ಇದಕ್ಕೆ ನಿಷೇಧ ಇದೆ. ಅಮೆರಿಕದಲ್ಲಿ ಬಿಳಿ ಟ್ಯೂನಾ ಎಂದು ಮಾರುವ ಹಾಲುಬಿಳುಪಿನ ತುಂಡು ಎಷ್ಟೋ ಸಲ ಟ್ಯೂನಾವೇ ಅಲ್ಲ, ಎಸ್ಕೋಲಾರ್ ಎಂಬ ಮೀನು. ಅದರ ಮೇಣದಂಥ ಎಣ್ಣೆ ನಮ್ಮ ಹೊಟ್ಟೆಗೆ ಜೀರ್ಣವಾಗದು, ಭೇದಿ ಹಿಡಿಯುತ್ತದೆ. ಜಪಾನಿನಲ್ಲಿ ಅದನ್ನು ಮಾರುವಂತೆಯೇ ಇಲ್ಲ.

ಹಂತ 6: ಗಟ್ಟಿ ಸಕುವನ್ನು ಕರಗಿಸುವುದು

ಮೊದಲ ಸಲ ನಾನು ಗಟ್ಟಿ ಚೂತೊರೊ ತಂದು ಅಡುಗೆ ಕಟ್ಟೆಯ ಮೇಲೆ ಹಾಗೇ ಇಟ್ಟೆ. ಎರಡು ಗಂಟೆ ಕಳೆದು ನೋಡಿದರೆ ತಟ್ಟೆ ತುಂಬ ಕೆಂಪು ನೀರು, ಮಾಂಸ ಕಂದು. ಬಹಳ ಸಂಕಟವಾಯಿತು. ಮೀನಂಗಡಿಯ ಆ ಹಿರಿಯರ ಹತ್ತಿರ ಹೋದೆ. ಅವರು ಕಲಿಸಿದ್ದು ಇದು, ಜಪಾನಿನಲ್ಲಿ ಬಹಳ ಜನ ಮಾಡುವ ಕ್ರಮವೂ ಇದೇ.

ಒಂದು ಲೀಟರ್ ನೀರಿಗೆ 30ರಿಂದ 40 ಗ್ರಾಂ ಉಪ್ಪು ಹಾಕಿ, ಸಮುದ್ರದ ನೀರಿನಷ್ಟು ಉಪ್ಪಾಗಲಿ. ನೀರು 40 ಡಿಗ್ರಿ, ಅಂದರೆ ಸ್ನಾನದ ಬಿಸಿನೀರಿನ ಹದ. ಸಕುವನ್ನು ಅದರಲ್ಲಿ ಮುಳುಗಿಸಿ, ಮೇಲೆ ಅಂಟಿರುವ ಗರಗಸದ ಹುಡಿಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ತೊಳೆಯಿರಿ. ಆ ಹುಡಿ ಉಳಿದರೆ ವಾಸನೆ ಬರುತ್ತದೆ. ಒಂದು ನಿಮಿಷ, ದಪ್ಪಗಿದ್ದರೆ ಎರಡು. ಮೇಲ್ಭಾಗ ಮೆತ್ತಗಾಗಿ ಒಳಗೆ ಇನ್ನೂ ಕಲ್ಲಿನಂತಿರುವಾಗಲೇ ತೆಗೆಯಬೇಕು. ತಣ್ಣೀರಿನಲ್ಲಿ ಒಮ್ಮೆ ಅದ್ದಿ, ಬಟ್ಟೆಯಿಂದ ಒತ್ತಿ ಒರೆಸಿ. ಅಡುಗೆಮನೆಯ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಮೂರು ನಾಲ್ಕು ಗಂಟೆ ಇಡಿ. ಪೇಪರ್ ಒದ್ದೆಯಾದರೆ ಬದಲಾಯಿಸಿ.

ಇದು ಯಾಕೆ ಕೆಲಸ ಮಾಡುತ್ತದೆ ಎಂದರೆ, ಸೊನ್ನೆಗಿಂತ ಸ್ವಲ್ಪ ಕೆಳಗೆ, ಅರೆ ಗಟ್ಟಿಯಾಗಿರುವ ಹೊತ್ತಿನಲ್ಲೇ ಮಾಂಸದ ಕೆಂಪು ಬೇಗ ಕಂದಾಗುವುದು. ಬಿಸಿ ಉಪ್ಪುನೀರು ಮೇಲ್ಭಾಗವನ್ನು ಆ ಹೊತ್ತಿನಿಂದ ಬೇಗ ದಾಟಿಸುತ್ತದೆ. ಮನೆಯ ಫ್ರೀಜರ್ ಮೈನಸ್ 18ರ ಸುತ್ತ ಇರುತ್ತದೆ, ಮಗುರೊಗೆ ಅದು ಸಾಲದು. ತಂದ ಮೇಲೆ ವಾರಗಟ್ಟಲೆ ಇಡಬೇಡಿ.

ಹಂತ 7: ಕತ್ತರಿಸುವುದು

ಒಳ್ಳೆಯ ತೊರೊ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಸಕುವನ್ನು ಹಲಗೆಯ ಮೇಲೆ ಇಟ್ಟು ಬಿಳಿ ಗೆರೆಗಳನ್ನು ನೋಡಿ. ಅವು ನಾರು, ಜಪಾನಿಯಲ್ಲಿ ಸುಜಿ. ಚಾಕು ಅವನ್ನು ಅಡ್ಡಕ್ಕೆ ದಾಟಬೇಕು. ಗೆರೆಯ ಜೊತೆಜೊತೆಗೆ ಉದ್ದಕ್ಕೆ ಕತ್ತರಿಸಿದರೆ ಉದ್ದನೆಯ ನಾರು ಹಾಗೇ ಉಳಿದು ಹಲ್ಲಿಗೆ ಸಿಕ್ಕುತ್ತದೆ. ಅಡ್ಡಕ್ಕೆ ಕತ್ತರಿಸಿದರೆ ಅದೇ ನಾರು ಚೂರು ಚೂರಾಗಿ ಬಾಯಿಗೆ ತಿಳಿಯುವುದೇ ಇಲ್ಲ. ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, ಸರಿಯಾದ ದಿಕ್ಕು ಸಿಕ್ಕ ಮೇಲೆ ಚಾಕು ಎತ್ತಿ.

ಚಾಕು ಉದ್ದವಾಗಿರಲಿ, ಹರಿತವಾಗಿರಲಿ. ಹಿಡಿಯ ಹತ್ತಿರದ ಅಲಗನ್ನು ಮೀನಿನ ಮೇಲಿಟ್ಟು ತುದಿಯವರೆಗೆ ಒಂದೇ ಎಳೆತಕ್ಕೆ ನಿಮ್ಮ ಕಡೆಗೆ ಎಳೆಯಿರಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಬೇಡಿ. ಮೇಲಿನಿಂದ ಒತ್ತಲೂ ಬೇಡಿ. ಸರಿಯಾಗಿ ಬಂದ ತುಂಡಿನ ಮುಖ ಕನ್ನಡಿಯ ಹಾಗೆ ಮಿನುಗುತ್ತದೆ. ತೊರೊದಲ್ಲಿ ಒಂದೆರಡು ತುಂಡು ಆಗುವಷ್ಟರಲ್ಲಿ ಅಲಗಿಗೆ ಕೊಬ್ಬು ಹಿಡಿದು ಚಾಕು ಎಳೆಯಲು ಬರುವುದಿಲ್ಲ. ಪ್ರತಿ ಸಲ ಒದ್ದೆ ಬಟ್ಟೆಯಿಂದ ಒರೆಸಿ.

ನಿಗಿರಿ ಸುಶಿಗೆ (ಹಿಡಿಯಲ್ಲಿ ಒತ್ತಿದ ಅನ್ನದ ಮೇಲೆ ಮೀನು ಇಡುವುದು) ಚಾಕುವನ್ನು ಓರೆಯಾಗಿ ಮಲಗಿಸಿ ಅಗಲದ ತೆಳು ತುಂಡು ತೆಗೆಯುತ್ತಾರೆ. ಅನ್ನವಿಲ್ಲದೆ ಬರೀ ಮೀನು ತಿನ್ನುವ ಸಶಿಮಿಗೆ ನೆಟ್ಟಗೆ ಹಿಡಿದು ದಪ್ಪ ತುಂಡು. ಅಕಮಿ ಒಂದು ಸೆಂಟಿಮೀಟರಿನ ಹತ್ತಿರ ಇರಬಹುದು. ಓತೊರೊ ನನಗೆ ಅದರ ಅರ್ಧ ದಪ್ಪ ಸಾಕು.

ಜಬರಕ್ಕೆ ಬೇರೆ ಉಪಾಯ ಬೇಕು, ಅದರ ನಾರು ಗಟ್ಟಿ. ತುಂಬ ತೆಳ್ಳಗೆ ಅಡ್ಡಕ್ಕೆ ಕತ್ತರಿಸಬಹುದು. ಇಲ್ಲವೇ ಪಟ್ಟೆಗಳ ನಡುವಿನ ಮಾಂಸವನ್ನು ಮೆಲ್ಲಗೆ ಬಿಡಿಸಿ ತೆಗೆಯಬಹುದು. ಹಲಸಿನ ತೊಳೆಯಿಂದ ಸೊನೆಯ ನಾರು ಬಿಡಿಸಿದ ಹಾಗೆ. ಇದಕ್ಕೆ ಹಗಶಿ ಎಂದು ಹೆಸರು. ಮೂರನೆಯ ದಾರಿ ಅಬುರಿ: ಮೇಲಿನಿಂದ ಉರಿ ತೋರಿಸಿದರೆ ನಾರು ಸಡಿಲವಾಗುತ್ತದೆ, ಕೊಬ್ಬು ಕರಗಿ ಘಮ ಬರುತ್ತದೆ. ಹತ್ತು ಸೆಕೆಂಡ್ ಸಾಕು.

ತಿನ್ನುವಾಗ

ಫ್ರಿಜ್ಜಿನಿಂದ ತೆಗೆದ ಕೂಡಲೇ ತೊರೊ ತಿನ್ನಬೇಡಿ. ಕತ್ತರಿಸಿದ ಮೇಲೆ ಐದಾರು ನಿಮಿಷ ಬಿಡಿ. ತಣ್ಣಗಿರುವಾಗ ಕೊಬ್ಬು ಕಟ್ಟಿಕೊಂಡಿರುತ್ತದೆ, ರುಚಿ ಬಿಡುವುದಿಲ್ಲ. ಅನ್ನವೂ ಮೈ ಬಿಸಿಯಷ್ಟು ಬೆಚ್ಚಗಿರಬೇಕು. ವಸಾಬಿ (ಖಾರದ ಹಸಿರು ಗೊಜ್ಜು) ಧಾರಾಳವಾಗಿ ಹಚ್ಚಿ. ಕೊಬ್ಬು ಅದರ ಖಾರವನ್ನು ನುಂಗಿಬಿಡುತ್ತದೆ, ಅಕಮಿಗೆ ಹಾಕುವ ಎರಡರಷ್ಟು ಹಾಕಿದರೂ ಕಣ್ಣಲ್ಲಿ ನೀರು ಬರುವುದಿಲ್ಲ. ವಸಾಬಿಯನ್ನು ಸೋಯಾದಲ್ಲಿ ಕದಡದೆ ಮೀನಿನ ಮೇಲೇ ಇಡಿ. ಸೋಯಾ ಅದ್ದುವಾಗ ಅನ್ನದ ಕಡೆ ಬೇಡ, ಮೀನಿನ ಕಡೆ. ಓತೊರೊಗೆ ಸೋಯಾ ಬದಲು ಎರಡು ಹರಳು ಉಪ್ಪು ಹಾಕಿ ನೋಡಿ, ಸಿಹಿ ಎದ್ದು ಕಾಣುತ್ತದೆ.

ಎಚ್ಚರಿಕೆಯ ಮಾತು

ನಮ್ಮ ಕರಾವಳಿಯ ಮಾರುಕಟ್ಟೆಯಲ್ಲಿ ಕೇದರ ಎಂದು ಸಿಗುವುದೂ ಟ್ಯೂನಾ ಬಳಗದ ಮೀನೇ. ಮಸಾಲೆ ಹಚ್ಚಿ ಹುರಿದರೆ, ಹುಳಿ ಹಾಕಿ ಗಸಿ ಮಾಡಿದರೆ ಅದರ ರುಚಿಗೆ ಸಾಟಿಯಿಲ್ಲ. ಹಸಿಯಾಗಿ ಮಾತ್ರ ತಿನ್ನಬೇಡಿ. ಹಸಿ ತಿನ್ನುವ ಮೀನನ್ನು ಹಿಡಿದ ಕ್ಷಣದಿಂದ ರಕ್ತ ಬಸಿದು, ಐಸಿನಲ್ಲಿ ಇಟ್ಟು, ಎಲ್ಲೂ ಬಿಸಿಯಾಗದ ಹಾಗೆ ತರಬೇಕು. ಟ್ಯೂನಾದ ಮೈ ಸುತ್ತಲಿನ ನೀರಿಗಿಂತ ಬಿಸಿ ಇರುತ್ತದೆ, ಗಾಳಕ್ಕೆ ಸಿಕ್ಕು ಸೆಣಸಿದರೆ ಇನ್ನೂ ಬಿಸಿಯಾಗುತ್ತದೆ. ಬೇಗ ತಣಿಸದಿದ್ದರೆ ಮಾಂಸ ಬೆಂದ ಹಾಗೆ ಬಿಳಚುತ್ತದೆ, ಜಪಾನಿಗರು ಅದಕ್ಕೆ ಯಕೆ ಎನ್ನುತ್ತಾರೆ. ಬಿಸಿಯಲ್ಲಿ ಬಿದ್ದಿದ್ದ ಟ್ಯೂನಾದಲ್ಲಿ ಹಿಸ್ಟಮಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ. ಮುಖ ಕೆಂಪಾಗುವುದು, ತುರಿಕೆ, ತಲೆನೋವು ಅದರ ಗುರುತು. ಒಮ್ಮೆ ಸೇರಿದರೆ ಬೇಯಿಸಿದರೂ ಹೋಗುವುದಿಲ್ಲ.

ಬಸುರಿಯರಿಗೆ ಇನ್ನೊಂದು ಮಾತು. ದೊಡ್ಡ ಟ್ಯೂನಾದಲ್ಲಿ ಪಾದರಸದ ಅಂಶ ಇರುತ್ತದೆ. ಕುರೊ ಮಗುರೊ, ಮೆಬಚಿ ಆದರೆ ಬಸುರಿಯರು ವಾರಕ್ಕೆ ಒಮ್ಮೆ, ಸುಮಾರು 80 ಗ್ರಾಂ ಮೀರಬಾರದು ಎಂದು ಜಪಾನಿನ ಆರೋಗ್ಯ ಸಚಿವಾಲಯವೇ ಹೇಳುತ್ತದೆ. ಹಸಿ ಮೀನು ತಿನ್ನಬಹುದೇ ಎಂದು ವೈದ್ಯರನ್ನು ಕೇಳಿಯೇ ತೀರ್ಮಾನಿಸಿ.

ಉಳಿದದ್ದಕ್ಕೆ

ಸಕು ಕತ್ತರಿಸಿದಾಗ ತುದಿಗಳು, ನಾರಿನ ತುಂಡುಗಳು ಉಳಿದೇ ಉಳಿಯುತ್ತವೆ. ಬಿಸಾಡಬೇಡಿ. ನಾರಿನ ತುಂಡನ್ನು ಒಂದು ಕೈಯಲ್ಲಿ ಹಲಗೆಗೆ ಒತ್ತಿ ಹಿಡಿದು ಚಮಚದ ಅಂಚಿನಿಂದ ಕೆರೆಯಿರಿ, ನಾರು ಕೈಯಲ್ಲಿ ಉಳಿದು ಮಾಂಸ ಬೇರೆ ಬರುತ್ತದೆ. ಅದೇ ನಿಮ್ಮ ಮನೆಯ ನೆಗಿತೊರೊ, ಎಣ್ಣೆ ಬೆರೆಸದ್ದು. ಅಕಮಿ ಉಳಿದರೆ ಸೋಯಾ ಮತ್ತು ಕುದಿಸಿ ಆರಿಸಿದ ಮಿರಿನ್ (ಅಡುಗೆಯ ಸಿಹಿ ಅಕ್ಕಿ ಮದ್ಯ) ಸೇರಿಸಿ ಅದರಲ್ಲಿ ಹದಿನೈದು ನಿಮಿಷ ನೆನೆಸಿ ಜುಕೆ ಮಾಡಿ, ಅವತ್ತೇ ಬಿಸಿ ಅನ್ನದ ಮೇಲೆ ಹಾಕಿಕೊಳ್ಳಿ. ತೊರೊದ ಗಟ್ಟಿ ತುದಿಗಳನ್ನು ನೆಗಿ ಜೊತೆ, ಸೋಯಾ ಮತ್ತು ಸಾಕೆ (ಅಕ್ಕಿಯ ಮದ್ಯ) ಹಾಕಿದ ನೀರಿನಲ್ಲಿ ಕುದಿಸಿ. ನೆಗಿ ಸಿಗದಿದ್ದರೆ ನಮ್ಮ ದಪ್ಪ ಈರುಳ್ಳಿಸೊಪ್ಪಿನ ಬಿಳಿ ಭಾಗ ನಡೆಯುತ್ತದೆ, ಮೊದಲು ಬಾಣಲೆಯಲ್ಲಿ ಸ್ವಲ್ಪ ಕಪ್ಪಾಗುವ ತನಕ ಸುಟ್ಟುಕೊಳ್ಳಿ. ಎದೊ ಕಾಲದ ಬಡವರು ಚಳಿಗೆ ಕುಡಿಯುತ್ತಿದ್ದ ಸಾರು ಇದೇ. ಮೇಲೆ ತೇಲುವ ಕೊಬ್ಬಿನ ಕಣ್ಣುಗಳನ್ನು ಬಸಿಯಬೇಡಿ, ಹಾಗೇ ಬಟ್ಟಲಿಗೆ ಹಾಕಿ.